ಪ್ರಾಥಮಿಕ ಶಾಲೆಯಲ್ಲಿ ದೇಹಶಿಕ್ಷಣ ಏಕೆ ಬೇಕು?

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ಮುಂದೆ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ವೈಜ್ಞಾನಿಕ ಮನೋಭಾವದ ಪ್ರಚಾರಕರಾಗಿ ನಾಡಿಗೆಲ್ಲ ಪರಿಚಿತರಾದರು. 1935ರಲ್ಲಿ ಹೈಸ್ಕೂಲು ಸೇರಬೇಕೆಂದು ಹೊರಟಾಗ ಅವರ ಬಳಿ ಪ್ರಯಾಣಕ್ಕೆ ಹಣವಿರಲಿಲ್ಲ. ಎಂಬತ್ತು ಕಿಲೋಮೀಟರಿನಷ್ಟು ದೂರವನ್ನು ಕಾಲ್ನಡಿಗೆಯಲ್ಲೇ ಕ್ರಮಿಸಿ ಬೆಂಗಳೂರನ್ನು ಮುಟ್ಟಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಛಲಕ್ಕೆ ದೃಷ್ಟಾಂತವಾಗಿ ಈ ಸಂಗತಿಯನ್ನು ಹೇಳುವುದು ವಾಡಿಕೆ. ನಾವಿಲ್ಲಿ ಬೇರೊಂದು ಪ್ರಶ್ನೆಯನ್ನು ಕೇಳಬಹುದು. ಹದಿನೈದು ವರ್ಷದ ಹುಡುಗನಿಗೆ ಅಷ್ಟು ದೂರ ನಡೆಯಬಲ್ಲ ಕಾಲುಗಳು ಎಲ್ಲಿಂದ ಬಂದವು?

ಅಂದಿನ ಹಳ್ಳಿಯ ಜೀವನವೇ ಇದಕ್ಕೆ ಬಹುಪಾಲು ಉತ್ತರ. ಬಾವಿಯಿಂದ ನೀರು ಸೇದುವುದು, ದನಕರುಗಳ ಹಿಂದೆ ಗುಡ್ಡ ಹತ್ತುವುದು, ಹುಣಿಸೆಮರವೇರಿ ಕಾಯಿ ಉದುರಿಸುವುದು, ಪಕ್ಕದೂರಿನ ಶಾಲೆಗೆ ನಡೆದು ಹೋಗಿಬರುವುದು, ಇವೆಲ್ಲ ಯಾರೂ ಪಾಠವೆಂದು ಕರೆಯದ ಪಾಠಗಳಾಗಿದ್ದುವು. ಶಾಲೆ ಅಕ್ಷರವನ್ನು ಕಲಿಸಿದರೆ ಸಾಕಾಗಿತ್ತು. ಮೈಯನ್ನು ಊರು ನೋಡಿಕೊಳ್ಳುತ್ತಿತ್ತು. ಆ ಜೀವನ ಸುಖದ್ದಾಗಿತ್ತೆಂದು ಭಾವಿಸಬೇಕಾಗಿಲ್ಲ. ಅದರಲ್ಲಿ ಹಸಿವೂ ಇತ್ತು, ಎಳೆಯ ಮಕ್ಕಳ ದುಡಿಮೆಯೂ ಇತ್ತು. ಅದು ಹೋದದ್ದು ಬಹುಮಟ್ಟಿಗೆ ಒಳ್ಳೆಯದೇ. ಆದರೆ ಅದರ ಜೊತೆಯಲ್ಲಿ ಮೈಗೆ ಸಿಗುತ್ತಿದ್ದ ಅಭ್ಯಾಸವೂ ಹೋಯಿತು. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಆ ಬಳಿಕ ಚಿಕ್ಕಬಳ್ಳಾಪುರ ಜಿಲ್ಲೆಯಾದ ಈ ಸೀಮೆಯಲ್ಲಿ ಇಂದು ಮಗುವನ್ನು ಶಾಲೆಗೆ ಕರೆದೊಯ್ಯಲು ದ್ವಿಚಕ್ರವಾಹನವೋ ಆಟೋವೋ ಶಾಲೆಯ ಬಸ್ಸೋ ಇದೆ. ಸಂಜೆಗೆ ಮನೆಪಾಠವಿದೆ, ಕೈಗೆ ಮೊಬೈಲಿದೆ. ಊರು ಕೈಬಿಟ್ಟ ಕೆಲಸವನ್ನು ವಹಿಸಿಕೊಳ್ಳಬಲ್ಲ ಸಂಸ್ಥೆ ಶಾಲೆಯೊಂದೇ. ಹಾಗಾದರೆ ಶಾಲೆ ಏನನ್ನು ಕಲಿಸಬೇಕು?

ದೇಹಶಿಕ್ಷಣವೆಂದೊಡನೆ ನಮ್ಮ ಕಣ್ಣಮುಂದೆ ಎರಡು ಚಿತ್ರಗಳು ಬರುತ್ತವೆ. ಒಂದು, ಸಾಲಾಗಿ ನಿಂತು ಸೀಟಿಗೆ ತಕ್ಕಂತೆ ಕೈಯೆತ್ತಿ ಇಳಿಸುವ ಡ್ರಿಲ್ಲು. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮದ ಕೇಂದ್ರ ಸಂಸ್ಥೆಯನ್ನು ಆರಂಭಿಸಿದ ಲಿಂಗ್ ಎಂಬಾತನ ಪದ್ಧತಿಯೂ ಸೈನ್ಯದ ಕವಾಯತೂ ಬೆರೆತು, ಇಂಗ್ಲಿಷ್ ಶಾಲೆಗಳ ಮೂಲಕ ನಮ್ಮವರೆಗೆ ಬಂದ ವಿದ್ಯೆ ಅದು. ಇನ್ನೊಂದು, ಕ್ಲಸ್ಟರು, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಹತ್ತುವ ಕ್ರೀಡಾಕೂಟ. ಡ್ರಿಲ್ಲಿನಿಂದ ಶಿಸ್ತು ಬರುತ್ತದೆ, ಕ್ರೀಡಾಕೂಟದಿಂದ ಉತ್ಸಾಹ ಬರುತ್ತದೆ, ಇಲ್ಲವೆನ್ನುವಂತಿಲ್ಲ. ಆದರೆ ಕ್ರೀಡಾಕೂಟ ಚೆನ್ನಾಗಿ ಓಡುವ ನಾಲ್ಕಾರು ಮಕ್ಕಳನ್ನು ಆರಿಸಿಕೊಂಡು ಉಳಿದವರನ್ನು ಚಪ್ಪಾಳೆಗೆ ಕೂರಿಸುತ್ತದೆ. ಎಳೆಯ ಮೈಯ ಬೆಳವಣಿಗೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದರೆ, ಈ ಉಳಿದವರೇ ದೇಹಶಿಕ್ಷಣದ ಮುಖ್ಯ ವಿದ್ಯಾರ್ಥಿಗಳೆಂಬುದು ಮನವರಿಕೆಯಾಗುತ್ತದೆ.

ಶಿಡ್ಲಘಟ್ಟದ ಕಡೆಯ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ರೇಷ್ಮೆಹುಳು ನಾಲ್ಕು ಬಾರಿ ಪೊರೆ ಕಳಚಿ ಐದು ಹಂತಗಳಲ್ಲಿ ಬೆಳೆಯುತ್ತದೆ. ಅದು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಕಡೆಯ ಹಂತವೊಂದರಲ್ಲೇ ತಿಂದುಬಿಡುತ್ತದೆ. ಹಾಗೆಂದು ಯಾವ ರೈತನೂ ಮೊದಲಿನ ಎರಡು ಹಂತಗಳನ್ನು, ಎಂದರೆ ಚಾಕಿ ಹುಳುವನ್ನು, ಅಲಕ್ಷ್ಯ ಮಾಡುವುದಿಲ್ಲ. ಎಳೆಯ ಸೊಪ್ಪು, ಹದವಾದ ತೇವ, ಹದವಾದ ಬಿಸಿ ಎಂದು ಜೋಪಾನ ಮಾಡುತ್ತಾನೆ. ಚಾಕಿ ಕೆಟ್ಟರೆ ಮುಂದೆ ಎಷ್ಟು ಸೊಪ್ಪು ಸುರಿದರೂ ಗೂಡು ಚೆನ್ನಾಗಿ ಬರಲಾರದೆಂದು ಅವನಿಗೆ ಗೊತ್ತು. ಮನುಷ್ಯನ ಎಲುಬಿನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಪ್ರಾಯ ತುಂಬಿದವರ ಎಲುಬಿನಲ್ಲಿರುವ ಖನಿಜದ ಸುಮಾರು ಕಾಲುಭಾಗ, ಹರೆಯದಲ್ಲಿ ಬೆಳವಣಿಗೆ ಅತ್ಯಂತ ತೀವ್ರವಾಗಿರುವ ಎರಡೇ ವರ್ಷಗಳಲ್ಲಿ ಸಂಗ್ರಹವಾಗುತ್ತದೆಂದು ಕೆನಡಾ ದೇಶದಲ್ಲಿ ಮಕ್ಕಳನ್ನು ವರ್ಷಗಳ ಕಾಲ ಅಳೆದು ನೋಡಿದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಹುಡುಗಿಯರಲ್ಲಿ ಇದು ಹನ್ನೆರಡು ಹದಿಮೂರರ ಸುಮಾರಿಗೆ, ಹುಡುಗರಲ್ಲಿ ಹದಿನಾಲ್ಕರ ಸುಮಾರಿಗೆ ಆಗುತ್ತದೆ. ಅದಕ್ಕೆ ಮುಂಚಿನ ಐದಾರು ವರ್ಷ ಚಾಕಿಯ ಕಾಲ. ಅದೇ ಪ್ರಾಥಮಿಕ ಶಾಲೆಯ ಕಾಲ.

ಎಲುಬನ್ನು ನಾವು ಗೋಡೆಯ ಕಲ್ಲಿನಂತೆ ಜಡವೆಂದು ತಿಳಿಯುವುದುಂಟು. ವಾಸ್ತವದಲ್ಲಿ ಅದು ಹಗಲಿರುಳು ದುರಸ್ತಿಯಾಗುತ್ತಿರುವ ಕಟ್ಟಡ. ಒಂದು ಬಗೆಯ ಜೀವಕೋಶಗಳು ಹಳೆಯ ಎಲುಬನ್ನು ಕರಗಿಸುತ್ತ ಹೋಗುತ್ತವೆ. ಮತ್ತೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಎಲ್ಲಿ ಎಷ್ಟು ಕಟ್ಟಬೇಕೆಂಬ ಸೂಚನೆ ಬರುವುದು ಎಲುಬಿನೊಳಗೆ ಹುದುಗಿರುವ ಮೂರನೆಯ ಬಗೆಯ ಕೋಶಗಳಿಂದ. ಮೇಲಿನಿಂದ ಹಾರಿ ನೆಲಕ್ಕೆ ಕಾಲೂರಿದಾಗ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ; ಅದರ ಸೂಕ್ಷ್ಮ ನಾಳಗಳಲ್ಲಿರುವ ದ್ರವ ಅತ್ತಿತ್ತ ಸರಿಯುತ್ತದೆ; ಆ ಸರಿದಾಟವನ್ನು ಈ ಕೋಶಗಳು ಗ್ರಹಿಸಿ, ಇಲ್ಲಿ ಇನ್ನಷ್ಟು ಬಲ ಬೇಕೆಂದು ತಿಳಿಸುತ್ತವೆ. ಭಾರಕ್ಕೆ ತಕ್ಕಂತೆ ಎಲುಬು ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆಂಬ ತತ್ತ್ವವನ್ನು ಜರ್ಮನಿಯ ವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ಗ್ರಂಥರೂಪದಲ್ಲಿ ಪ್ರತಿಪಾದಿಸಿದ್ದನು. ಎಳವೆಯಿಂದ ಟೆನಿಸ್ ಆಡಿದವರಲ್ಲಿ ಬ್ಯಾಟು ಹಿಡಿಯುವ ತೋಳಿನ ಎಲುಬು ಇನ್ನೊಂದು ತೋಳಿನದಕ್ಕಿಂತ ದಪ್ಪವಾಗಿರುವುದು ಇದಕ್ಕೆ ಸಾಕ್ಷಿ. ವಿರುದ್ಧದ ಸಾಕ್ಷಿ ಅಂತರಿಕ್ಷದಲ್ಲಿದೆ. ತೂಕವೇ ಇಲ್ಲದ ಆ ಸ್ಥಿತಿಯಲ್ಲಿ ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳೊಂದಕ್ಕೆ ನೂರಕ್ಕೆ ಒಂದರಿಂದ ಒಂದೂವರೆ ಪಾಲಿನಷ್ಟು ಕರಗುವುದು ಕಂಡುಬಂದಿದೆ.

ಹಾಗಾದರೆ ಎಷ್ಟು ಭಾರ ಬೇಕು? ದಿನವಿಡೀ ಓಡಬೇಕೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಹುಂಜಗಳಿಂದ. 1984ರಲ್ಲಿ ರುಬಿನ್ ಮತ್ತು ಲ್ಯಾನ್ಯನ್ ಎಂಬ ಸಂಶೋಧಕರು ಹುಂಜದ ರೆಕ್ಕೆಯ ಎಲುಬಿಗೆ ಯಂತ್ರದಿಂದ ಲೆಕ್ಕವಿಟ್ಟು ಒತ್ತಡ ಕೊಟ್ಟರು. ದಿನಕ್ಕೆ ನಾಲ್ಕು ಸಲ ಒತ್ತಿದರೆ ಎಲುಬು ಕರಗದೆ ಉಳಿಯಿತು. ಮೂವತ್ತಾರು ಸಲ ಒತ್ತಿದಾಗ ಬೆಳೆಯಿತು. ಸಾವಿರದ ಎಂಟುನೂರು ಸಲ ಒತ್ತಿದಾಗಲೂ ಅದಕ್ಕಿಂತ ಹೆಚ್ಚು ಬೆಳೆಯಲಿಲ್ಲ! ಕೆಲವೇ ಏಟುಗಳಲ್ಲಿ ಎಲುಬಿಗೆ ಸುದ್ದಿ ಮುಟ್ಟುತ್ತದೆ. ಆ ಮೇಲೆ ಅದು ಕಿವುಡಾಗುತ್ತದೆ. ಕೆಲವು ಗಂಟೆಗಳ ವಿರಾಮವಾದ ಬಳಿಕ ಮತ್ತೆ ಕೇಳಿಸಿಕೊಳ್ಳುತ್ತದೆ.

ಇದನ್ನು ಶಾಲೆಯಲ್ಲಿ ಪರೀಕ್ಷಿಸಿದವರೂ ಇದ್ದಾರೆ. ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರರಿಂದ ಹತ್ತು ವರ್ಷದೊಳಗಿನ ಮಕ್ಕಳು ವಾರಕ್ಕೆ ಮೂರು ಬಾರಿ, ಪ್ರತಿಬಾರಿಯೂ ನೂರು ಸಲ, ಪೆಟ್ಟಿಗೆಯ ಮೇಲಿನಿಂದ ನೆಲಕ್ಕೆ ಜಿಗಿದರು. ಏಳು ತಿಂಗಳಾದ ಮೇಲೆ ಅಳೆದಾಗ, ಜಿಗಿಯದೆ ಬರಿಯ ಮೈ ಬಗ್ಗಿಸುವ ವ್ಯಾಯಾಮ ಮಾಡಿದ ಮಕ್ಕಳಿಗಿಂತ ಇವರ ತೊಡೆಯೆಲುಬಿನ ಕತ್ತಿನಲ್ಲಿ ಖನಿಜ ನೂರಕ್ಕೆ ನಾಲ್ಕೂವರೆ ಪಾಲು ಹೆಚ್ಚಾಗಿತ್ತು. ಮುದುಕರು ಜಾರಿಬಿದ್ದಾಗ ಮುರಿಯುವುದು ಬಹುಮಟ್ಟಿಗೆ ಇದೇ ಎಲುಬು. ಇದಕ್ಕಿಂತಲೂ ಸರಳವಾದುದು ಕೆನಡಾದ ಪಶ್ಚಿಮ ತೀರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗ. ಅಲ್ಲಿ ಮಕ್ಕಳು ದಿನಕ್ಕೆ ಮೂರು ಬಾರಿ, ಶಾಲೆಯ ಗಂಟೆ ಬಾರಿಸಿದಾಗ, ತಾವು ನಿಂತಲ್ಲೇ ಹತ್ತು ಸಲ ಜಿಗಿಯುತ್ತಿದ್ದರು. ದಿನಕ್ಕೆ ಮೂರೇ ನಿಮಿಷದ ಕೆಲಸ. ಎಂಟು ತಿಂಗಳಲ್ಲಿ ಅವರ ಸೊಂಟದ ಬಳಿಯ ಎಲುಬು ಇತರರದಕ್ಕಿಂತ ನೂರಕ್ಕೆ ಎರಡು ಪಾಲಿನಷ್ಟು ಹೆಚ್ಚು ಖನಿಜವನ್ನು ಗಳಿಸಿತ್ತು. ನಮ್ಮ ಹಳ್ಳಿಯ ಶಾಲೆಗಳಲ್ಲಿಯೂ ಗಂಟೆಯಿದೆ. ಪೆಟ್ಟಿಗೆಯೇನೂ ಬೇಕಾಗಿಲ್ಲ, ಜಗುಲಿಯ ಕಲ್ಲಿನಿಂದ ಕಲ್ಲುಚಪ್ಪಡಿಯ ಮೇಲಕ್ಕೆ ಯಾರೂ ಮಕ್ಕಳನ್ನು ಹಾರಿಸತಕ್ಕದ್ದಲ್ಲ. ಮಣ್ಣಿನ ನೆಲ ಸಾಕು.

‘ಕೆರೆ–ದಡ’ ಆಟವನ್ನು ಆಡದವರಾರು? ಗುರುಗಳು ‘ಕೆರೆ’ ಎಂದಾಗ ಗೆರೆಯ ಒಳಕ್ಕೆ, ‘ದಡ’ ಎಂದಾಗ ಹೊರಕ್ಕೆ, ಎರಡೂ ಕಾಲು ಜೋಡಿಸಿ ಜಿಗಿಯಬೇಕು. ಕೆನಡಾದ ಮಕ್ಕಳು ಗಂಟೆಗೆ ಮಾಡಿದ್ದನ್ನೇ ನಮ್ಮ ಮಕ್ಕಳು ಮಾತಿಗೆ ಮಾಡುತ್ತಾರೆ. ಕುಂಟೆಬಿಲ್ಲೆಯಲ್ಲಿ ಮೈಯ ಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುವುದರಿಂದ ಅದು ಇನ್ನೂ ಒಂದು ಕೈ ಮೇಲು. ಅದನ್ನು ಹುಡುಗಿಯರ ಆಟವೆಂದು ಹುಡುಗರು ಹೀಗಳೆಯುವುದನ್ನು ನೋಡಿದಾಗ ನನಗೆ ನಗು ಬರುತ್ತದೆ, ನಷ್ಟ ಅವರದೇ.

ಎಲುಬು ಕಟ್ಟುವುದಕ್ಕೆ ಸಾಮಗ್ರಿಯೂ ಬೇಕಷ್ಟೆ. ಈ ವಿಷಯದಲ್ಲಿ ನಮ್ಮ ಸೀಮೆ ಭಾಗ್ಯಶಾಲಿ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರ ನಲವತ್ತು ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಧಾತು, ಎಂದರೆ ಕ್ಯಾಲ್ಸಿಯಂ, ಇದೆ. ಅಕ್ಕಿ ಗೋಧಿಗಳಲ್ಲಿ ಇದರ ಹತ್ತಿರಕ್ಕೂ ಬರುವಷ್ಟು ಇಲ್ಲ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲೂ ದೊರೆಯಿತು. ಆದರೆ ಅಂಗಳದಲ್ಲಿ ಇಟ್ಟಿಗೆ ರಾಶಿ ಹಾಕಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲ. ಗಾರೆಯವನಿಗೆ ಕೆಲಸ ಹೇಳುವವರು ಬೇಕು. ಜಿಗಿತ ಮಾಡುವುದು ಆ ಕೆಲಸವನ್ನು.

ಎಲುಬಿನ ಬಗ್ಗೆ ಇಷ್ಟು ಹೇಳಿದ ಮೇಲೆ ನರಮಂಡಲವನ್ನು ಮರೆಯುವಂತಿಲ್ಲ. ಓಡುವುದು, ಹಾರುವುದು, ಎಸೆಯುವುದು, ಹಿಡಿಯುವುದು, ತೂಗಿ ನಿಲ್ಲುವುದು, ಇವು ಮಕ್ಕಳಿಗೆ ತಾವಾಗಿಯೇ ಬರುತ್ತವೆಂದು ಅನೇಕರ ನಂಬಿಕೆ. ಅರ್ಧ ಮಾತ್ರ ಬರುತ್ತವೆ. ಲಗೋರಿಯಾಡುವ ಎಳೆಯ ಮಕ್ಕಳನ್ನು ಗಮನಿಸಿ. ಬಲಗೈಯಲ್ಲಿ ಚೆಂಡು ಹಿಡಿದ ಮಗು ಬಲಗಾಲನ್ನೇ ಮುಂದಿಟ್ಟು ಮೊಣಕೈಯಿಂದ ಚೆಂಡನ್ನು ತಳ್ಳುತ್ತದೆ. ಚೆಂಡು ಹತ್ತು ಹೆಜ್ಜೆ ಹೋಗಿ ಬೀಳುತ್ತದೆ. ಎಡಗಾಲನ್ನು ಮುಂದಿಡು, ಸೊಂಟವನ್ನು ತಿರುಗಿಸು ಎಂದು ಯಾರಾದರೂ ತೋರಿಸಿಕೊಟ್ಟು, ಕೆಲವು ದಿನ ತಿದ್ದಿದರೆ, ಅದೇ ಚೆಂಡು ದೂರ ಹಾರುತ್ತದೆ. ಪ್ರತಿ ಎಸೆತದ ತಪ್ಪನ್ನೂ ಕಿರುಮಿದುಳು ಗುರುತಿಸಿಕೊಂಡು ಮುಂದಿನ ಎಸೆತವನ್ನು ಸರಿಪಡಿಸುತ್ತದೆ. ಹಾಗೆ ತಿದ್ದುವವರು ದೊರೆಯದ ಮಗು ತನಗೆ ಆಟ ಬಾರದೆಂದು ತೀರ್ಮಾನಿಸಿ ಬದಿಗೆ ಸರಿಯುತ್ತದೆ. ಆಡದುದರಿಂದ ಇನ್ನಷ್ಟು ಬಾರದಾಗುತ್ತದೆ. ಹೈಸ್ಕೂಲಿನಲ್ಲಿ ಮೈದಾನದ ಅಂಚಿನಲ್ಲಿ ಕುಳಿತೇ ಇರುವ ನಿಮ್ಮ ಗೆಳೆಯರಲ್ಲಿ ಅನೇಕರು ಎರಡನೆಯ ತರಗತಿಯಲ್ಲೇ ಅಲ್ಲಿ ಹೋಗಿ ಕುಳಿತವರು.

ಒಂದು ಸಣ್ಣ ಪ್ರಯೋಗವನ್ನು ನೀವೇ ಮಾಡಿ ನೋಡಬಹುದು. ಎಂಟು ವರ್ಷದ ತಮ್ಮನೋ ತಂಗಿಯೋ ಇದ್ದರೆ, ಕುಳಿತಿರುವಾಗ ಮಣಿಕಟ್ಟಿನ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನಿಮ್ಮ ನಾಡಿಗಿಂತ ಅದು ವೇಗವಾಗಿ ಮಿಡಿಯುತ್ತಿರುವುದು ಸಾಮಾನ್ಯ. ಮಗುವಿನ ಪುಟ್ಟ ಹೃದಯ ಒಂದು ಮಿಡಿತಕ್ಕೆ ಕಡಮೆ ರಕ್ತವನ್ನು ದೂಡುವುದರಿಂದ ಹೆಚ್ಚು ಸಲ ಮಿಡಿಯಬೇಕಾಗುತ್ತದೆ. ಆ ಮೇಲೆ ಇಬ್ಬರೂ ಒಂದು ನಿಮಿಷ ಜೋರಾಗಿ ಓಡಿ, ನಿಂತೊಡನೆ ಒಮ್ಮೆಯೂ, ಪ್ರತಿ ನಿಮಿಷಕ್ಕೊಮ್ಮೆಯೂ ಎಣಿಸಿ ಬರೆದಿಡಿ. ಇಬ್ಬರಲ್ಲಿ ಯಾರ ನಾಡಿ ಬೇಗ ಮೊದಲಿನ ಸ್ಥಿತಿಗೆ ಇಳಿಯಿತು? ಬಹುಶಃ ಚಿಕ್ಕವರದೇ. ಮಕ್ಕಳು ಬೇಗ ದಣಿದಂತೆ ಕಂಡರೂ ಬೇಗ ಚೇತರಿಸಿಕೊಳ್ಳುತ್ತಾರೆ. ಆರರಿಂದ ಹತ್ತು ವರ್ಷದ ಮಕ್ಕಳ ಚಲನವಲನವನ್ನು ಕ್ಷಣಕ್ಷಣಕ್ಕೂ ಗುರುತುಹಾಕಿಕೊಂಡ ಅಮೆರಿಕದ ಸಂಶೋಧಕರು 1995ರಲ್ಲಿ ವರದಿ ಮಾಡಿದಂತೆ, ಮಕ್ಕಳ ಬಿರುಸಿನ ಚಟುವಟಿಕೆಯೆಲ್ಲ ಹೆಚ್ಚಾಗಿ ಹದಿನೈದು ಸೆಕೆಂಡಿನೊಳಗೆ ಮುಗಿದು, ನಡುನಡುವೆ ವಿರಾಮ ಬರುತ್ತದೆ. ಅರ್ಧಗಂಟೆ ಒಂದೇ ಲಯದ ಕವಾಯತು ಈ ಪ್ರಕೃತಿಗೆ ಒಗ್ಗುವುದಿಲ್ಲ. ಓಡಿ, ನಿಂತು, ತಿರುಗಿ, ಮತ್ತೆ ಓಡುವ ಆಟ ಒಗ್ಗುತ್ತದೆ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ ಅರವತ್ತು ನಿಮಿಷ ಚುರುಕಾಗಿ ಚಲಿಸಬೇಕೆಂದೂ, ಸ್ನಾಯು ಎಲುಬುಗಳನ್ನು ಬಲಪಡಿಸುವ ಚಟುವಟಿಕೆ ವಾರಕ್ಕೆ ಮೂರು ದಿನವಾದರೂ ಇರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಅರವತ್ತು ನಿಮಿಷ ಒಂದೇ ಸಮನಾಗಿ ಇರಬೇಕೆಂದು ಅರ್ಥವಲ್ಲ.

ಇಲ್ಲಿ ತಾಯಿತಂದೆಯರು ಎತ್ತುವ ಆಕ್ಷೇಪಣೆಯೊಂದಿದೆ. ಆಟಕ್ಕೆ ಅಷ್ಟು ಹೊತ್ತು ಕೊಟ್ಟರೆ ಲೆಕ್ಕ, ಭಾಷೆಗಳ ಗತಿಯೇನು? ಇದು ನ್ಯಾಯವಾದ ಪ್ರಶ್ನೆ. ಬಡವರ ಮಗುವಿಗೆ ಪರೀಕ್ಷೆಯೇ ಮೇಲಕ್ಕೇರುವ ಏಣಿಯಾಗಿರುವಾಗ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೆನಡಾದ ಟ್ರಾಯ್ ರಿವಿಯೇರ್ ಎಂಬ ಪಟ್ಟಣದ ಸುತ್ತಿನಲ್ಲಿ 1970ರ ದಶಕದಲ್ಲಿ ಇದನ್ನೇ ವರ್ಷಗಟ್ಟಲೆ ಪರೀಕ್ಷಿಸಿದರು. ಪ್ರಾಥಮಿಕ ತರಗತಿಗಳ ಮಕ್ಕಳಿಗೆ ವಾರಕ್ಕೆ ಐದು ಗಂಟೆ ಹೆಚ್ಚಿನ ದೇಹಶಿಕ್ಷಣವನ್ನು, ತಕ್ಕ ಶಿಕ್ಷಕರ ಕೈಯಲ್ಲಿ, ಕೊಡಲಾಯಿತು. ಅದಕ್ಕಾಗಿ ಇತರ ಪಾಠಗಳ ವೇಳೆಯಲ್ಲಿ ನೂರಕ್ಕೆ ಹದಿಮೂರು ಪಾಲಿನಷ್ಟನ್ನು ಕಡಿದರು. ಅದೇ ಶಾಲೆಗಳ ಹಿಂದುಮುಂದಿನ ವರ್ಷಗಳ ಮಕ್ಕಳೊಡನೆ ಹೋಲಿಸಿದಾಗ, ಮೊದಲ ವರ್ಷದಲ್ಲಿ ಆಡಿದ ಮಕ್ಕಳು ಪಾಠದಲ್ಲಿ ಮುಂದಿರಲಿಲ್ಲ. ಎರಡನೆಯ ತರಗತಿಯಿಂದಾಚೆಗೆ ಇವರ ಅಂಕಗಳೇ ಮೇಲಾದವು. ಆಟ ಆಡಿದರೆ ಅಂಕ ಬರುತ್ತದೆಂದು ಜಾಹೀರಾತು ಮಾಡಲು ನಾನು ಸಿದ್ಧನಿಲ್ಲ. ಆಡಿದುದರಿಂದ ಅಂಕಕ್ಕೆ ನಷ್ಟವಾಗಲಿಲ್ಲವೆಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಇಷ್ಟು ತಿಳಿದಿದ್ದೂ ನಮ್ಮ ವ್ಯವಸ್ಥೆಯಲ್ಲಿ ಒಂದು ವಿಚಿತ್ರವಿದೆ. ದೇಹಶಿಕ್ಷಣದಿಂದ ಮೈಯ ಬಲವಷ್ಟೇ ಅಲ್ಲದೆ ಮನಸ್ಸಿನ ಚುರುಕು, ಒಗ್ಗಟ್ಟು, ಸೋಲುಗೆಲುವುಗಳಲ್ಲಿ ಸಮಚಿತ್ತ ಇವೂ ಬೆಳೆಯುತ್ತವೆಂದು 1966ರಲ್ಲಿ ವರದಿಯೊಪ್ಪಿಸಿದ ಕೊಠಾರಿ ಆಯೋಗ ಒಪ್ಪಿಕೊಂಡಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದು, ತರಗತಿಗಳಿಗೆ ಬೇಕಾದ ಆಟದ ಸಾಮಾನು ಒದಗಿಸಬೇಕೆಂದು ವಿಧಿಸಿತು. ಆದರೆ ದೇಹಶಿಕ್ಷಣದ ಬೋಧಕರ ಮಾತು ಆ ಕಾಯಿದೆಯ ಅನುಸೂಚಿಯಲ್ಲಿ ಬರುವುದು ಆರರಿಂದ ಎಂಟನೆಯ ತರಗತಿಗಳಿಗೆ ಮಾತ್ರ. ಅದೂ ಮಕ್ಕಳ ಸಂಖ್ಯೆ ನೂರನ್ನು ಮೀರಿದಲ್ಲಿ, ಅರೆಕಾಲಿಕರಾಗಿ. ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಎಲ್ಲ ವಿಷಯಗಳನ್ನೂ ಕಲಿಸಬೇಕಾದವರು ಅವರೇ. ರೇಷ್ಮೆಯ ಭಾಷೆಯಲ್ಲಿ ಹೇಳುವುದಾದರೆ, ಕಡೆಯ ಹಂತಕ್ಕೆ ಆಳು ಗೊತ್ತುಮಾಡಿ ಚಾಕಿಯ ಮನೆಗೆ ಯಾರನ್ನೂ ನೇಮಿಸದಂತಾಯಿತು.

ಕಾಯಿದೆ ತಿದ್ದುವವರೆಗೆ ಕೆಲಸ ತರಗತಿಯ ಶಿಕ್ಷಕರ ಮೇಲೆಯೇ ಬೀಳುತ್ತದೆ. ಅವರಿಗೆ ಬೇಕಾದುದು ಹೊಸ ಸಲಕರಣೆಗಿಂತ ಆಟದ ಲೆಕ್ಕ. ಖೋ–ಖೋ ನಮ್ಮ ಮೆಚ್ಚಿನ ಆಟ. ಇಪ್ಪತ್ತನಾಲ್ಕು ಮಕ್ಕಳ ತರಗತಿಯನ್ನು ಹನ್ನೆರಡರ ಎರಡು ಪಕ್ಷ ಮಾಡಿ ನಿಯಮದಂತೆ ಆಡಿಸಿದರೆ, ಎಂಟು ಮಂದಿ ಸಾಲಿನಲ್ಲಿ ಕುಳಿತಿರುತ್ತಾರೆ, ಒಬ್ಬ ಅಟ್ಟುತ್ತಾನೆ, ಮೂವರು ತಪ್ಪಿಸಿಕೊಳ್ಳುತ್ತಾರೆ, ಉಳಿದವರು ಹೊರಗೆ. ಓಡುತ್ತಿರುವವರು ನಾಲ್ವರೇ! ಪೋಟಿಗೆ ಇದು ಸರಿ, ಪಾಠಕ್ಕೆ ಸರಿಯಲ್ಲ. ನಾಲ್ವರು ಕೂರುವ ಮೂರು ಚಿಕ್ಕ ಸಾಲುಗಳನ್ನು ಮಾಡಿ, ಪ್ರತಿಯೊಂದರಲ್ಲಿಯೂ ಒಬ್ಬ ಅಟ್ಟುವವನು, ಮೂವರು ಓಡುವವರು ಎಂದಿಟ್ಟರೆ ಅದೇ ಇಪ್ಪತ್ತನಾಲ್ವರಲ್ಲಿ ಏಕಕಾಲಕ್ಕೆ ಹನ್ನೆರಡು ಮಂದಿ ಓಡುತ್ತಾರೆ. ‘ಔಟು’ ಎಂಬುದನ್ನೂ ಪರಿಶೀಲಿಸಬೇಕು. ಕೆರೆ–ದಡದಲ್ಲಿ ಮೊದಲು ತಪ್ಪಿದ ಮಗು ಮೊದಲು ಹೊರಗೆ ಹೋಗುತ್ತದೆ. ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಮೆ ದೊರೆಯುವ ಏರ್ಪಾಡು ಇದು. ತಪ್ಪಿದವರು ಎರಡು ಸಲ ಹೆಚ್ಚಿಗೆ ಜಿಗಿದು ಮತ್ತೆ ಸೇರಿಕೊಳ್ಳಲಿ. ಔಟಾದವನನ್ನು ಆಟದೊಳಕ್ಕೆ ಮರಳಿ ಕರೆದುಕೊಳ್ಳುವ ಕಬಡ್ಡಿಯ ನಿಯಮವನ್ನು ಮಾಡಿದವರು ಜಾಣರು.

ನಮ್ಮ ಸೀಮೆಗೆ ವಿಶೇಷವಾದ ಸಂಗತಿಯೊಂದು ಉಳಿಯಿತು: ನೀರು. ನಂದಿಯ ಬೆಟ್ಟಸಾಲಿನ ಸುತ್ತ ಉತ್ತರ ಪಿನಾಕಿನಿ, ಪಾಲಾರ್, ಅರ್ಕಾವತಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಜನ ಆಳವಾದ ಕೊಳವೆಬಾವಿಗಳನ್ನು ನಂಬಿದರು. ಗ್ರಾನೈಟು ಬಂಡೆಗಳ ಸಂದಿನಿಂದ ಬರುವ ಆ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ ಒಂದು ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ಮೂಲವಿಲ್ಲದಾಗ ಒಂದೂವರೆಯವರೆಗೆ ಸಹಿಸತಕ್ಕದ್ದು ಎಂಬುದು ಭಾರತೀಯ ಮಾನಕ. ಅದನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡು ಬೆಳೆಯುವ ಎಲುಬಿನಲ್ಲಿ ಸೇರಿಕೊಂಡು, ಎಲುಬು ನೋಟಕ್ಕೆ ದಟ್ಟವಾದರೂ ಪೆಡಸಾಗುತ್ತದೆ, ಕೀಲುಗಳು ಬಿಗಿಯುತ್ತವೆ. ಶಾಶ್ವತ ಹಲ್ಲುಗಳ ಹೊಳಪಿನ ಪದರ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗಾದುದರಿಂದ ಹಲ್ಲಿನ ಕಲೆಯ ಬೀಜವೂ ಇದೇ ವಯಸ್ಸಿನಲ್ಲಿ ಬೀಳುತ್ತದೆ. ಜಿಗಿತ ಇದಕ್ಕೆ ಮದ್ದಲ್ಲ. ಅದಕ್ಕೆ ಬದಲಾಗಿ, ಆಡಿದ ಮಗು ಹೆಚ್ಚು ನೀರು ಕುಡಿಯುವುದರಿಂದ ನೀರು ಕೆಟ್ಟದ್ದಾದರೆ ವಿಷವೂ ಹೆಚ್ಚು ಒಳಸೇರುತ್ತದೆ. ಕುದಿಸಿದರೆ ಫ್ಲೋರೈಡು ಹೋಗದು. ನೀರು ಆವಿಯಾಗಿ ಅದರ ಅಂಶ ಇನ್ನೂ ಸಾಂದ್ರವಾಗುತ್ತದೆ. ಆದುದರಿಂದ ಮೈದಾನದ ಬದಿಯಲ್ಲಿಡುವ ನೀರು ಪರೀಕ್ಷಿಸಿದ ಮೂಲದ್ದೋ, ಶುದ್ಧೀಕರಣ ಘಟಕದ್ದೋ, ಕಾಪಾಡಿದ ಮಳೆನೀರೋ ಆಗಿರಬೇಕು. ಕಾಲು ಮಡಚಲಾರೆನೆನ್ನುವ, ಕೀಲು ನೋವೆನ್ನುವ ಮಗುವನ್ನು ಸೋಮಾರಿಯೆಂದು ಗದರಿಸುವ ಮುಂಚೆ ವೈದ್ಯರಿಗೆ ತೋರಿಸಬೇಕು.

ಬೇಸಗೆಯ ಮಾತೂ ಇದರೊಡನೆ ಸೇರಿದ್ದು. ತೂಕಕ್ಕೆ ಹೋಲಿಸಿದರೆ ಮಗುವಿನ ಮೈಯ ಮೇಲ್ಮೈ ದೊಡ್ಡವರದಕ್ಕಿಂತ ಹೆಚ್ಚು, ಬೆವರುವುದು ಕಡಮೆ. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಅದು ಬೇಗ ಕಾಯುತ್ತದೆ. ಗೌರಿಬಿದನೂರಿನಲ್ಲಿಯಾಗಲಿ ಚಿಂತಾಮಣಿಯಲ್ಲಿಯಾಗಲಿ ಮಾರ್ಚಿ ಏಪ್ರಿಲಿನ ಮಧ್ಯಾಹ್ನ ಎರಡು ಗಂಟೆಗೆ ಆಟದ ಪಿರಿಯಡ್ಡನ್ನು ಇಡುವ ವೇಳಾಪಟ್ಟಿಯನ್ನು ಮುಖ್ಯೋಪಾಧ್ಯಾಯರು ಬೆಳಗಿನ ಪ್ರಾರ್ಥನೆಯ ನಂತರಕ್ಕೆ ಬದಲಾಯಿಸಬಹುದು. ಆಗ ಹೊಂಗೆಮರದ ನೆರಳು ಅಂಗಳದ ಅರ್ಧದವರೆಗೂ ಇರುತ್ತದೆ.